ಒಂದು ಕೆಮ್ಮಿನಷ್ಟು ಗುಲಾಬಿ

ದುರ್ಗದ ಕಾಲೇಜಿನ ಲ್ಯಾಬು, ಮೂರನೇ ಬ್ಯಾಚು, ಶನಿವಾರ.
ಬ್ಯುರೆಟ್ಟಿನ ತುಂಬ ಪರ್ಮ್ಯಾಂಗನೇಟು.
ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ ಅಂದರು ಎಲ್ಲರೂ;
ನನಗೆ ಅದು ಮಸಿ, ಮಸಿಗಿಂತ ಒಂದಿಷ್ಟು ನೀಲಿ.

ಕೆಳಗೆ ಶಂಕುಪಾತ್ರೆಯಲ್ಲಿ ಆಕ್ಸಾಲಿಕ್ಕು,
ಕೈ ತಾಳುವುದಕ್ಕಿಂತ ಚೂರು ಹೆಚ್ಚು ಬಿಸಿ.
ಮೊದಲ ಹನಿ ಮುನಿಸಿಕೊಂಡು ನಿಂತಿತು, ಕರಗಲೊಲ್ಲದು.
ಆಮೇಲೆ ಬಿದ್ದವೆಲ್ಲ ಬಿದ್ದ ಕೂಡಲೇ ಮಾಯ.
"ಮೊದಲ್ನೇದು ಸೋತು ಒಳಗೆ ಸೇರ್ಕಂತಲ್ಲ,
ಅದೇ ಕಣಪ್ಪ ಉಳಿದವಕ್ಕೆ ಬಾಗ್ಲು ತೆಗೆಯೋದು"
ಅಂದ ಪಾಲಯ್ಯ. ಪುಸ್ತಕದಲ್ಲಿ ಇದಕ್ಕೊಂದು
ಉದ್ದನೆಯ ಹೆಸರಿತ್ತು. ಅವನಲ್ಲಿ ಬಾಗಿಲು.

ಲ್ಯಾಬಿನ ಅಟೆಂಡರ್ ಪಾಲಯ್ಯ.
ಹತ್ತೂ ಬೆರಳ ತುದಿ ಕಂದು, ಉಗುರೊಳಗೂ ಕಂದು,
ನೋಡಬಲ್ಲವರು ಹೇಳುವ ಪ್ರಕಾರ.
ಅಪ್ಪ ಹೊಸದುರ್ಗದ ಕಡೆ ಮ್ಯಾಂಗನೀಸು ಗುಡ್ಡ ಅಗೆದವನು.
"ಅವನ ಕೈಯೂ ಹಿಂಗೇ ಇತ್ತು, ನಂದು ಸರ್ಕಾರಿ ಕಂದು."
ಮಗಳ ಧಾರೆಗೆ ಒಂದೇ ಸಲ ಆಕ್ಸಾಲಿಕ್ಕಲ್ಲಿ ತೊಳೆದ;
ಅಕ್ಷತೆ ಹಿಡಿದ ಆ ಬಿಳಿ ಬೆರಳು ಯಾರವೋ ಅನ್ನಿಸಿ
ಸೋಮವಾರ ಎಲ್ಲರಿಗಿಂತ ಮುಂಚೆ ಬಂದು
ಹಳೇ ಬಾಟಲಿ ತಿಕ್ಕಿದನಂತೆ, ಸಮಾಧಾನಕ್ಕೆ.

ಬೋರ್ಡಿನ ಮೇಲೆ ಮೇಡಮ್ಮಿನ ಗುಂಡಗಿನ ಅಕ್ಷರ: ಉತ್ಕರ್ಷಣಕಾರಿ.
ಇನ್ನೊಬ್ಬರ ಎಲೆಕ್ಟ್ರಾನು ಕಿತ್ತುಕೊಳ್ಳುವುದು.
ಕಿತ್ತುಕೊಂಡದ್ದು ಐದು, ಇಳಿದದ್ದು ಏಳರಿಂದ ಎರಡಕ್ಕೆ.
ಯಾರ ಲೆಕ್ಕವೋ ಇದು!
ಕಳಕೊಂಡವರಿಗೆ ಉತ್ಕರ್ಷ, ಗಳಿಸಿದವನಿಗೆ ಅಪಕರ್ಷ.
ಬಡ್ಡಿ ಸಾಹುಕಾರರ ಓಣಿಯಲ್ಲಿ ಬೆಳೆದ ನನಗೆ
ಅರ್ಥವಾಗಲು ಅಡ್ಡ ಬಂದದ್ದು ಕಣ್ಣಲ್ಲ, ಅಭ್ಯಾಸ.
ಕಿಟಕಿಯಾಚೆ ಬಂಡೆ ಮೇಲೆ ಬಂಡೆ, ಕೋಟೆ.
ಯಾವ ದಂಡೂ ಕೀಳಲಾರದ ಬಾಗಿಲ ಮೊಳೆಗಳನ್ನು
ಗಾಳಿ ಕೀಳುತ್ತಲೇ ಇತ್ತು, ಅವಸರವಿಲ್ಲದೆ.

ಕೊನೆಗೆ ಒಂದು ಹನಿ ಮಾಯವಾಗುವುದಿಲ್ಲ.
ಕಿತ್ತುಕೊಳ್ಳಲು ಯಾರೂ ಉಳಿಯದೆ
ತಿಳಿಗುಲಾಬಿಯಾಗಿ ನಿಂತುಬಿಡುತ್ತದೆ, ಅರ್ಧ ನಿಮಿಷ.
ಅಲ್ಲಿ ನಲ್ಲಿ ಕಟ್ಟಬೇಕು.
ನನಗೆ ಎಲ್ಲ ನೀರು.
ಕೆಂಪು ಹಸಿರು ಎರಡೂ ಒಂದೇ ಮಣ್ಣಾಗುವ ಕಣ್ಣು,
ಹದಿನೇಳು ವರ್ಷ ಯಾರಿಗೂ ಹೇಳದೆ ಬಚ್ಚಿಟ್ಟದ್ದು.

ಪರೀಕ್ಷೆಯ ದಿನ ಬೆನ್ನ ಹಿಂದೆ ಸ್ಟೂಲು ಸರಿಸಿದಂತೆ ಮಾಡಿ
ಪಾಲಯ್ಯ ಕೆಮ್ಮಿದ.
ನಲ್ಲಿ ಕಟ್ಟಿದೆ. ಇಪ್ಪತ್ತು ಪಾಯಿಂಟ್ ಎರಡು.
ಮತ್ತೆ ಕೆಮ್ಮು. ಇಪ್ಪತ್ತು ಪಾಯಿಂಟ್ ಒಂದು.
ಮತ್ತೆ. ಇಪ್ಪತ್ತು ಪಾಯಿಂಟ್ ಎರಡು.
ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿ
"ಡಾಕ್ಟರಿಗೆ ತೋರಿಸ್ರೀ" ಅಂದರು.
"ಆಸಿಡ್ ಹೊಗೆ ಸಾರ್."
ಯಾವತ್ತು ಗೊತ್ತಾಯಿತು ಅವನಿಗೆ? ಕೇಳಲಿಲ್ಲ.
ಅವನೂ ಹೇಳಲಿಲ್ಲ.

ಈಗ ನಾನು ನೀರಿನ ಫಿಲ್ಟರ್ ಹೌಸಿನಲ್ಲಿ, ರಾತ್ರಿ ಪಾಳಿ.
ಶಾಂತಿಸಾಗರದಿಂದ ಬಂದ ನೀರಿಗೆ ಕ್ಲೋರಿನ್ ಬಿಡುತ್ತೇನೆ.
ಅದೂ ಅದೇ ಕುಲ, ಕಿತ್ತುಕೊಳ್ಳುವ ಕುಲ.
ಕಾಣದ ಹುಳುಗಳ ಮೇಲೆ ಎರಗಿ
ತಾನು ಉಪ್ಪಿನಂಶವಾಗಿ ತಣ್ಣಗಾಗುತ್ತದೆ.
ಉಳಿದದ್ದೆಷ್ಟೆಂದು ನೋಡಲು ಗಾಜಿನ ನಳಿಗೆಗೆ ಎರಡು ಹನಿ ಔಷಧಿ;
ನೀರು ಹಳದಿಗೆ ತಿರುಗಬೇಕು.
ಹಳದಿ ನನಗೆ ಕಾಣುತ್ತದೆ.
ಈ ನೌಕರಿಗೆ ಅಷ್ಟು ಸಾಕು.

ಹೊಳಲ್ಕೆರೆ ರಸ್ತೆಯ ಕಟ್ಟಕಡೆಯ ನಲ್ಲಿ ಪಾಲಯ್ಯನದು.
ಅಲ್ಲಿಗೆ ಮುಟ್ಟುವಷ್ಟರಲ್ಲಿ ಪೈಪಿನ ತುಕ್ಕಿಗೆ, ಪಾಚಿಗೆ
ಹಂಚಿ ಹಂಚಿ ಏನೂ ಉಳಿಯದೇನೋ ಎಂದು
ನಾನಿದ್ದ ರಾತ್ರಿ ಚೂರು ಹೆಚ್ಚೇ ಬಿಡುತ್ತೇನೆ.
ಉಪ್ಪಿನ ಋಣ ಅನ್ನುತ್ತಾರಲ್ಲ,
ರಸಾಯನದ ಪ್ರಕಾರವೂ ಸರಿ.

ಬೆಳಗಿನ ಆರಕ್ಕೆ ಫೋನು:
"ಏನಲೇ, ಚಾ ಎಲ್ಲ ಬ್ಲೀಚಿಂಗ್ ಪೌಡ್ರು ವಾಸ್ನೆ."
"ನಿಮ್ಮ ತನಕ ಮುಟ್ತಲ್ಲ ಹಂಗಾದ್ರೆ."
ಆ ಕಡೆ ಸ್ವಲ್ಪ ಹೊತ್ತು ಬರೀ ಸ್ಟೌವಿನ ಸದ್ದು.
ಆಮೇಲೆ ಒಂದು ಕೆಮ್ಮು.
ಎದ್ದು ವಾಲ್ವಿನ ಕಡೆ ನಡೆದೆ.